ಹದಿನಾಲ್ಕನೇ ನಂಬರಿನ ವಾಕರ್

ಬೆಳಿಗ್ಗೆ ಹಾಲು ಕಾಯಿಸಿದೆ. ಅತ್ತೆಯ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದೆ. ಹುರುಳಿಕಾಯಿ ಬಿಡಿಸಿ ಪಲ್ಯ ಮಾಡಿದೆ. ನೀರಿನ ಕ್ಯಾನಿಗೆ ಫೋನ್ ಮಾಡಿದೆ, ಅವರು ಎತ್ತಲಿಲ್ಲ, ಮತ್ತೆ ಮಾಡಿದೆ. ಬಟ್ಟೆ ಒಣಹಾಕಿದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿರುವ ಅತ್ತೆಗೆಂದು, ಹನ್ನೊಂದು ಗಂಟೆಗೆ ಮೂರನೇ ಕ್ರಾಸಿನ ಟೀಚರ್ ಮನೆಯಿಂದ ಒಂದು ಹಳೆಯ ವಾಕರ್ ತಂದೆ.

ಒದ್ದೆ ಬಟ್ಟೆ ಹಿಡಿದು ಅದನ್ನು ಒರೆಸಲು ಕೂತಾಗ, ಅಡ್ಡ ಕಂಬಿಯ ಕೆಳಗೆ ಕೆಂಪಗೆ ಏನೋ ಕಂಡಿತು. ಉಗುರಿಗೆ ಹಚ್ಚುವ ಬಣ್ಣದಲ್ಲಿ, ಕನ್ನಡ ಅಂಕಿಯಲ್ಲಿ ಬರೆದಿತ್ತು: ೧೪. ಬಟ್ಟೆ ಕೈಯಲ್ಲೇ ಉಳಿಯಿತು…

ಆ ಅಂಕಿ ಬರೆದವರನ್ನು ಪದ್ಮನಾಭನಗರದ ನಮ್ಮ ಬೀದಿಯ ಮಕ್ಕಳು ವಾಕರ್ ಆಂಟಿ ಎಂದು ಕರೆಯುತ್ತಿದ್ದರು. ಎದುರುಮನೆಯವರು. ಅವರ ಯಜಮಾನರು ಒಂದು ವರ್ಷ ಹಾಸಿಗೆ ಹಿಡಿದು ಹೋದ ಮೇಲೆ ಆಸ್ಪತ್ರೆ ಮಂಚ, ಕಮೋಡ್ ಕುರ್ಚಿ, ಮಲಗಿದವರ ಬೆನ್ನು ಹುಣ್ಣಾಗದಂತೆ ಹಾಸುವ ನೀರು ತುಂಬುವ ಹಾಸಿಗೆ, ವಾಕರ್ ಎಲ್ಲವೂ ನಡುಮನೆಯಲ್ಲಿ ಉಳಿದುಹೋದವು. ಹಿಂದಿನ ರಸ್ತೆಯವರು ಯಾರೋ ಮಂಚ ಕೇಳಿದರು, ಕೊಟ್ಟರು. ಮಂಚ ತಿರುಗಿ ಬರುವಾಗ ಜೊತೆಗೆ ಇನ್ನೊಂದು ವೀಲ್‌ಚೇರ್ ಬಂತು. ಹೀಗೆ ಬಂದು ಬಂದು ಮನೆ ಸಾಲದಾಯಿತು. ಬೀದಿಯ ತುದಿಯಲ್ಲಿ ಒಂದು ಕಾಲಕ್ಕೆ ಸೊಪ್ಪು ಬೆಳೆಯುತ್ತಿದ್ದ ಗೌಡರ ಖಾಲಿ ಶೆಡ್ಡಿತ್ತು. ಅವರು ಬಾಡಿಗೆ ಕೇಳದೆ ಬೀಗದ ಕೈ ಕೊಟ್ಟರು. ನಾವು ಐದು ಜನ ಹೆಂಗಸರು ಸೇರಿ ಸಂಘ ಎಂದು ನೋಂದಣಿಯನ್ನೂ ಮಾಡಿಸಿಕೊಂಡೆವು.

ಸಾಮಾನು ಒಯ್ದವರಿಗೆ ಇದ್ದದ್ದು ಒಂದೇ ಷರತ್ತು, ಡೆಟಾಲ್ ಹಾಕಿ ತೊಳೆದು ಬಿಸಿಲಿಗೆ ಇಟ್ಟು ತಂದುಕೊಡಬೇಕು. ಬಾಡಿಗೆ ಇಡೋಣ ಎಂದು ನಾನೊಮ್ಮೆ ಹೇಳಿದ್ದೆ.

“ಬಾಡಿಗೆ ಇಟ್ರೆ ಮಲಗಿರೋರಿಗೆ ಬೇಗ ಏಳ್ಬೇಕು ಅನ್ಸತ್ತೆ ಕಣೇ,” ಎಂದಿದ್ದರು ಆಂಟಿ. “ನಿಧಾನಕ್ಕೆ ಎದ್ದೇಳ್ಲಿ ಬಿಡು.”

ಗೌಡರ ಮಕ್ಕಳು ಆ ಜಾಗದಲ್ಲಿ ಫ್ಲ್ಯಾಟು ಕಟ್ಟುವುದೆಂದು ನಿರ್ಧಾರವಾದಾಗ ಪಾಪ, ಮುದುಕರೇ ಬಂದು ಆಂಟಿಯ ಮೆಟ್ಟಿಲ ಮೇಲೆ ಕೂತರು. “ನಾನೇನ್ ಮಾಡ್ಲಿ ಅಮ್ಮಾವ್ರೇ, ಹುಡುಗ್ರು ಪ್ಲಾನೇ ಪಾಸ್ ಮಾಡಿಸ್ಕೊಂಡ್ ಬಂದವ್ರೆ. ಯುಗಾದಿ ತಂಕ ಟೈಮ್ ಇಸ್ಕೊಂಡಿವ್ನಿ.”

ಯುಗಾದಿಯೊಳಗೆ ಬೇರೆ ಜಾಗ ಸಿಗದಿದ್ದರೆ ಸಂಘ ಮುಚ್ಚಬೇಕು. ವಸಂತಪುರದಲ್ಲಿ ಒಂದು ಶೆಡ್ಡು ನೋಡಿಬಂದೆವು, ಅದಕ್ಕೆ ಮುಂಗಡ ಬೇಕು. ಮಂಚಗಳೋ ಅರ್ಧಕ್ಕರ್ಧ ತುಕ್ಕು. ಹಾಗಾಗಿ ಅನುದಾನ ಹುಡುಕುವ ಕೆಲಸ ಶುರುವಾಯಿತು. ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಆಂಟಿ ನಮ್ಮ ಊಟದ ಮೇಜಿಗೆ ಬಂದು ಕೂರುತ್ತಿದ್ದರು, ನಾನು ಅರ್ಜಿ ತುಂಬುತ್ತಿದ್ದೆ.

“ಮುಂದಿನ ಐದು ವರ್ಷದ ಗುರಿ ಏನು ಅಂತ ಕೇಳಿದಾರೆ ಆಂಟಿ.”

“ನಮ್ಮ ಸಾಮಾನು ಯಾರಿಗೂ ಬೇಡದೆ ಧೂಳು ಹಿಡೀಲಿ ಅಂತ ಬರಿ.”

“ಹಾಗೆ ಬರೆದ್ರೆ ದುಡ್ಡು ಕೊಡಲ್ಲ.”

“ಮತ್ತಿನ್ನೇನು, ಕಾಯಿಲೆ ಜಾಸ್ತಿ ಆಗ್ಲಿ ಅಂತ ಬರೀತೀಯಾ?”

ಒಂದು ಕಡೆಯವರು ಮಕ್ಕಳಿಗೆ ಮಾತ್ರ ಕೊಡುವುದು ಎಂದರು. ಇನ್ನೊಂದು ಕಡೆ ಮೂರು ವರ್ಷದ ಆಡಿಟ್ ಕೇಳಿದರು. ಮತ್ತೊಬ್ಬರು ಪ್ರತಿ ವೀಲ್‌ಚೇರಿನ ಬೆನ್ನಿಗೆ ತಮ್ಮ ಕಂಪನಿಯ ಹೆಸರು ದೊಡ್ಡದಾಗಿ ಬರೆಸಬೇಕೆಂದರು. “ಕಾಯಿಲೆಯವರೇನು ಬಸ್ಸಾ?” ಎಂದು ಆಂಟಿ ಆ ಕಾಗದವನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟುಬಿಟ್ಟರು. ಕೊನೆಗೆ ಜಯನಗರದ ಒಂದು ಟ್ರಸ್ಟಿನಿಂದ ಪತ್ರ ಬಂತು. ಅರ್ಜಿ ಹಿಡಿಸಿದೆ, ನೋಡಿಹೋಗಲು ಗುರುವಾರ ನಮ್ಮವರು ಬರುತ್ತಾರೆ ಎಂದು.

ಮೂರು ದಿನ ಆಂಟಿ ಕೂತ ಕಡೆ ಕೂರಲಿಲ್ಲ. ಶೆಡ್ಡಿಗೆ ಸುಣ್ಣ ಹೊಡೆಸಿದರು. ಬಾಗಿಲಿಗೆ ಮಾವಿನೆಲೆ ಕಟ್ಟಿದರು.

“ಹೆಣ್ಣು ನೋಡೋಕೆ ಬರ್ತಿದಾರೆ ಅನ್ನೋ ಹಾಗೆ ಆಡ್ತಿದೀರಲ್ಲ,” ಎಂದು ರೇಗಿಸಿದೆ.

“ಅದು ಒಬ್ಬಳ ಮದುವೆ ಕಣೇ. ಇದು ಊರವರ ಸೊಂಟ!”

ತುಕ್ಕು ಹಿಡಿದ ಮಂಚಗಳು, ಚಕ್ರ ಮುರಿದ ಕುರ್ಚಿಗಳು, ಸೈಕಲ್ ಟ್ಯೂಬಿನ ತೇಪೆ ಹಾಕಿದ್ದ ನೀರಿನ ಹಾಸಿಗೆ, ಇವನ್ನೆಲ್ಲ ಪಕ್ಕದ ಗೌಡರ ಮನೆಯ ತಾರಸಿಗೆ ಸಾಗಿಸಿ ನೀಲಿ ಟಾರ್ಪಾಲು ಮುಚ್ಚಿದೆವು. ಹಾಗೆ ಮಾಡೋಣ ಎಂದವಳು ನಾನೇ. ಬರುವವರ ಎದುರು ಇವನ್ನು ಹೇಗೆ ಇಟ್ಟುಕೊಳ್ಳುವುದು ಎನ್ನಿಸಿತ್ತು. ಜಾಗ ಖಾಲಿ ಕಾಣಬಾರದೆಂದು ಪರಿಚಯದವರ ಮನೆಯಿಂದ ಎರಡು ಹೊಸ ವೀಲ್‌ಚೇರನ್ನೂ ಕಡ ತಂದಿದ್ದೆವು.

ಟ್ರಸ್ಟಿನಿಂದ ಬಂದದ್ದು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಕಡೆಯ ಹುಡುಗಿ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು, ಎಲ್ಲವನ್ನೂ ಮುಟ್ಟಿ ನೋಡಿದಳು. ಆಂಟಿ ಸ್ಟೀಲ್ ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತ್ ಕೊಟ್ಟರು.

“ಭಾಳ ಛಲೋ ಇಟ್ಟೀರಿ ಬಿಡ್ರಿ ಮೇಡಂ,” ಎಂದು ಅವಳು ಪುಸ್ತಕ ತೆರೆದು ಪೆನ್ನು ಹಿಡಿದಳು. “ಈಗ ನಿಮಗ ಏನೇನ್ ಬೇಕಾಗೇತಿ ಹೇಳ್ರಿ, ಬರ್ಕೋತೀನಿ.”

ಆಂಟಿ ಇನ್ನೊಂದು ಚಮಚ ಕೇಸರಿಬಾತ್ ಅವಳ ತಟ್ಟೆಗೆ ಹಾಕುತ್ತ ನಕ್ಕರು. “ದೇವರು ಚೆನ್ನಾಗಿಟ್ಟಿದಾನೆ ತಾಯಿ, ಏನೂ ಕಮ್ಮಿ ಇಲ್ಲ. ನೀನು ಮೊದಲು ತಿನ್ನು.”

ಮನೆಗೆ ಬಂದವರು ಏನು ಕೇಳಿದರೂ ಅವರು ಜೀವಮಾನವಿಡೀ ಹೇಳುತ್ತಿದ್ದ ಮಾತದು. ಬಾಯಿಗೆ ತಾನಾಗಿ ಬಂತು. ಪೆನ್ನು ಸ್ವಲ್ಪ ಹೊತ್ತು ಹಾಳೆಯ ಮೇಲೆ ಕಾಯಿತು… ನಾನು ಬಾಯಿ ಬಿಡಬಹುದಿತ್ತು. ಇಲ್ಲಮ್ಮ, ಮೇಲೆ ಬಾ, ಟಾರ್ಪಾಲು ಎತ್ತಿ ತೋರಿಸ್ತೀನಿ ಎನ್ನಬಹುದಿತ್ತು. ಆದರೆ ಬಂದವರ ಎದುರಿಗೆ ಹಿರಿಯರ ಮಾತನ್ನು ತೆಗೆದುಹಾಕಿ ಅಭ್ಯಾಸವಿಲ್ಲ. ಮುಚ್ಚಿಟ್ಟದ್ದರ ನಾಚಿಕೆಯೂ ಇತ್ತು. ಗೇಟಿನ ಹತ್ತಿರ ಅವಳು ನನ್ನ ಮುಖ ನೋಡಿ ನಿಂತಳು. ನಾನು ಕುಂಕುಮ, ಹೂವು ಕೊಟ್ಟು ಕಳಿಸಿದೆ.

ಎರಡು ವಾರಕ್ಕೆ ಉತ್ತರ ಬಂತು. ನಿಮ್ಮ ಸಂಸ್ಥೆ ಸುಸ್ಥಿತಿಯಲ್ಲಿರುವುದು ಸಂತೋಷ, ತುರ್ತು ಅಗತ್ಯವಿರುವ ಬೇರೆಯವರಿಗೆ ಈ ಸಲ ಆದ್ಯತೆ ಕೊಟ್ಟಿದ್ದೇವೆ. ಆಂಟಿ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಸರಿಯಾಗೇ ಬರೆದಿದಾರೆ ಬಿಡು. ನಮಗಿಂತ ಕಷ್ಟದಲ್ಲಿರೋರಿಗೆ ಹೋಗತ್ತೆ,” ಎಂದರು. ಆ ಸಂಜೆ ಹಾಲಿಗೆ ಹೋಗುವಾಗ ನೋಡಿದೆ, ಶೆಡ್ಡಿನ ಬಾಗಿಲಲ್ಲಿ ಕೂತು ವಾಕರುಗಳ ಕಾಲಿನ ರಬ್ಬರು ಬಿಚ್ಚಿ ತೊಳೆಯುತ್ತಿದ್ದರು. ಬರುವಾಗಲೂ ನೋಡಿದೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು…

ಯುಗಾದಿಗೆ ವಾರವಿರುವಾಗ ಅವರೇ ದಾರಿ ಹುಡುಕಿದರು. ಒಂದು ಮನೆಗೆ ಒಂದು ಸಾಮಾನು. ಮಂಚ ಒಬ್ಬರ ಕಾರ್ ಶೆಡ್ಡಿಗೆ, ಕಮೋಡ್ ಕುರ್ಚಿ ನಮ್ಮ ಮೆಟ್ಟಿಲ ಕೆಳಗೆ, ವಾಕರುಗಳು ಬಾಲ್ಕನಿ ಇದ್ದವರ ಮನೆಗಳಿಗೆ. ಯಾವುದು ಎಲ್ಲಿದೆ ಎಂದು ತಿಳಿಯಲು ನಂಬರು ಹಾಕಬೇಕಾಯಿತು. ಉಗುರಿಗೆ ಎಂದೂ ಬಣ್ಣ ಹಚ್ಚದ ಆಂಟಿ, ನನ್ನ ಮಗಳ ಕೆಂಪು ಶೀಶೆಯನ್ನು ಇಸಿದುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು ಒಂದೊಂದೇ ಅಂಕಿ ಬರೆದರು. ನೀರಿನ ಹಾಸಿಗೆ ಮೂರನೇ ನಂಬರು. ಹದಿನಾಲ್ಕು ಯಾರ ಮನೆಗೆ ಹೋಯಿತೋ ನನಗೆ ನೆನಪಿಲ್ಲ. ಆ ಲೆಕ್ಕವೆಲ್ಲ ಆಂಟಿಯ ಪುಸ್ತಕದಲ್ಲಿತ್ತು.

ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ಆಂಟಿಯೇ ಮಲಗಿದರು. ಜೊತೆಯಲ್ಲಿ ತಂಗಿಯಿದ್ದರು. ನಾನು ದಿನ ಬಿಟ್ಟು ದಿನ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ, “ಏನಾದ್ರೂ ಬೇಕಾ ಆಂಟಿ?”

“ಏನೂ ಕಮ್ಮಿ ಇಲ್ಲ ಕಣೇ. ಮಗಳ ಪರೀಕ್ಷೆ ಅಲ್ವಾ, ನೀನು ಹೋಗು.”

ನಾನು ಬಂದುಬಿಡುತ್ತಿದ್ದೆ.

ಆಂಟಿ ತೀರಿಹೋದ ದಿನ ಸ್ನಾನ ಮಾಡಿಸಿದ ಹೆಂಗಸರು ಅವರ ಬೆನ್ನಿನ ಹುಣ್ಣುಗಳ ವಿಷಯ ಹೇಳಿದರು… ಮೂರನೇ ನಂಬರಿನ ಹಾಸಿಗೆ ಎರಡು ರಸ್ತೆ ಆಚೆ, ಒಂದು ಮನೆಯ ಅಟ್ಟದ ಮೇಲೆ ಸುತ್ತಿ ಇಟ್ಟಿತ್ತಂತೆ. ಆ ಮನೆಯವರಿಗೆ ಅದರ ಅಗತ್ಯ ತೀರಿ ತಿಂಗಳಾಗಿತ್ತು. ಕೇಳಿದ್ದರೆ ಅವತ್ತೇ ತಂದುಕೊಡುತ್ತಿದ್ದರು. ಕೊಟ್ಟದ್ದನ್ನು ಆಂಟಿ ಕೇಳುವವರಲ್ಲ. ನಾನಾದರೂ ಕೇಳಬಹುದಿತ್ತು, ನನಗೆ ಹೊಳೆಯಲಿಲ್ಲ. ಆ ಪುಸ್ತಕವೂ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಸಾಮಾನುಗಳು ಮನೆಯಿಂದ ಮನೆಗೆ ದಾಟುತ್ತ ಎಲ್ಲೆಲ್ಲೋ ಇವೆ.

ವಾಕರ್ ಕೊಟ್ಟ ಟೀಚರಿಗೆ ಇವನ್ನೆಲ್ಲ ಮತ್ತೆ ಒಂದೆಡೆ ಸೇರಿಸುವ ಆಸೆ. ಯಾವುದೋ ಅನುದಾನದ ಅರ್ಜಿ ಬಂದಿದೆಯಂತೆ. “ನಿಮಗೆ ಅನುಭವ ಇದೆ, ನೀವೇ ತುಂಬಿ ಮೇಡಂ. ಇರೋ ಸಾಮಾನಿನ ಫೋಟೋನೂ ಹಾಕ್ಬೇಕಂತೆ,” ಎಂದು ಫೋನಿಗೆ ಕಳಿಸಿದ್ದಾರೆ.

ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ವಾಕರನ್ನು ಒರೆಸದೆಯೇ ಬಾಗಿಲ ಬೆಳಕಿಗೆ ತಂದು, ತುಕ್ಕು, ಸವೆದ ರಬ್ಬರು, ಹಗ್ಗ ಸುತ್ತಿದ ಹಿಡಿ ಎಲ್ಲ ಕಾಣುವ ಹಾಗೆ ಫೋಟೋ ತೆಗೆದೆ. ಅರ್ಜಿಯಲ್ಲಿ ಏನೇನು ಬೇಕು ಎಂಬಲ್ಲಿ ಜಾಗ ಮುಗಿಯುವ ತನಕ ಬರೆದೆ. ನೀರಿನ ಹಾಸಿಗೆಯನ್ನು ಮೊದಲು ಬರೆದೆ. ಕಳಿಸಿದ ಮೇಲೆ ವಾಕರನ್ನು ಡೆಟಾಲ್ ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟೆ. ಕೆಂಪು ಅಂಕಿಯ ಸುತ್ತ ಬೆರಳಿಂದ ಮೆಲ್ಲಗೆ ಉಜ್ಜಿದೆ, ಅಳಿಯದ ಹಾಗೆ.

ಸಂಜೆ ಅತ್ತೆಯನ್ನು ಕೇಳಿದೆ, ಏನಾದರೂ ಬೇಕಾ ಎಂದು. “ಏನೂ ಬೇಡಮ್ಮ,” ಎಂದರು. ಅಡುಗೆಮನೆಯ ಬಾಗಿಲ ತನಕ ಹೋದವಳು ತಿರುಗಿ ಬಂದು, ಮಂಚದ ಅಂಚಿನಲ್ಲಿ ಕೂತು ಇನ್ನೊಮ್ಮೆ ಕೇಳಿದೆ. ಅವರು ಬೆನ್ನ ಹಿಂದಿನ ದಿಂಬನ್ನು ಮೇಲಕ್ಕೆ ಎಳೆದುಕೊಂಡರು.

“ಬೆನ್ನಿಗೆ ಇನ್ನೊಂದು ದಿಂಬು ಇದ್ರೆ… ಆಮೇಲೆ ಸಾರು ಸ್ವಲ್ಪ ಬಿಸಿಯಾಗಿ ಇದ್ರೆ.”

ರಾತ್ರಿ ಅನ್ನ, ಮೆಣಸಿನ ಸಾರು, ಬೆಳಗಿನ ಹುರುಳಿಕಾಯಿ ಪಲ್ಯ, ಸುಟ್ಟ ಹಪ್ಪಳ. ಅತ್ತೆ ಎರಡು ಸಲ ಸಾರು ಹಾಕಿಸಿಕೊಂಡರು. ಮೊದಲು ನಿದ್ದೆ ಹೋದವರೂ ಅವರೇ, ಎರಡು ದಿಂಬಿಗೆ ಒರಗಿ, ಒಂದು ಕೈ ವಾಕರಿನ ಮೇಲಿಟ್ಟು.