ಬಂಗಾರದಂಗಡಿ ಅಕ್ಷರದಲ್ಲಿ ಅವ್ವನ ಹೆಸರು

ರಾಯಚೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಅಂಗಡಿ ಬೋರ್ಡು, ಫ್ಲೆಕ್ಸು, ಅಕ್ಕಿ ಚೀಲದ ಮೇಲಿನ ಹೆಸರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ನನ್ನ ಕೆಲಸ. ಬರುವವರಲ್ಲಿ ಮುಕ್ಕಾಲು ಮಂದಿ ಕೇಳುವುದು ಒಂದೇ ಅಕ್ಷರ. ಹೊಟ್ಟೆ ಹೆಬ್ಬೆರಳಿನಷ್ಟು ದಪ್ಪ, ತಲೆಕಟ್ಟು ಕೂದಲೆಳೆಯಷ್ಟು ತೆಳು, ಗೆರೆ ಮುಗಿದಲ್ಲೆಲ್ಲ ಚೂಪಾದ ಪುಟ್ಟ ಪಾದ. ಬಂಗಾರದ ಅಂಗಡಿಯವರ ಬೋರ್ಡಿನಿಂದ ಶುರುವಾದದ್ದಕ್ಕೆ ನಮ್ಮ ಗಿರಾಕಿಗಳು ಅದನ್ನು ಬಂಗಾರದಂಗಡಿ ಅಕ್ಷರ ಎಂದೇ ಕರೆಯುತ್ತಾರೆ. ದೊಡ್ಡದಾಗಿ ಹಾಕಿದರೆ ಅದರ ಗತ್ತೇ ಗತ್ತು. ಸಣ್ಣದು ಮಾಡಿದಿರೋ, ತೆಳು ಗೆರೆಗಳೆಲ್ಲ ಮಾಯವಾಗಿ ದಪ್ಪ ತುಂಡುಗಳಷ್ಟೇ ಉಳಿಯುತ್ತವೆ.

ನಮ್ಮವ್ವನಿಗೆ ಆ ಅಕ್ಷರದ ಮೇಲೆ ಜೀವ. ಅಪ್ಪ ತೀರಿಕೊಂಡ ಮೇಲೆ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಚೀಲದ ಬಾಯಿ ಹೊಲಿದು ನನ್ನನ್ನೂ ತಮ್ಮನನ್ನೂ ಬೆಳೆಸಿದವಳು ಅವಳು. ಪ್ರತಿ ಚೀಲದ ಮೇಲೂ ಸಾಹುಕಾರರ ಹೆಂಡತಿಯ ಹೆಸರು ಅದೇ ಅಕ್ಷರದಲ್ಲಿ ಕೆಂಪಗೆ, ದಪ್ಪಗೆ ಮೆರೆಯುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ಅವ್ವ ಅಕ್ಷರ ಕಲಿತದ್ದೇ ಆ ಚೀಲಗಳಿಂದ. ಕೊಂಬು ಯಾವುದು, ಒತ್ತು ಯಾವುದು ಎಂದು ನನ್ನ ಜೀವ ತಿಂದು, ಕೊನೆಗೆ ತನ್ನ ಹೆಸರನ್ನೂ ಓದಿಕೊಳ್ಳುವಷ್ಟು ಕಲಿತಳು.

ತಮ್ಮನಿಗೆ ದೇವದುರ್ಗದ ಹುಡುಗಿ ಗೊತ್ತಾದ ದಿನ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಕೇಳಿದಳು:

“ಕಾರ್ಡಿನ್ಯಾಗ ನನ್ನ ಹೆಸರು ಆ ಚೀಲದ ಅಕ್ಷರದಾಗ ಹಾಕ್ತಿ ಏನವಾ? ಒಮ್ಮೆ ನೋಡಬೇಕಂತ ಆಸಿ ಅದ.”

ಒಂದು ಸೀರೆ ಬೇಕೆಂದು ಬಾಯಿಬಿಟ್ಟು ಕೇಳಿದವಳಲ್ಲ. ಕೇಳಿದ್ದು ಇದೊಂದೇ. ನಾನು ಅಪ್ಪನ ಹೆಸರಿನ ಕೆಳಗೆ ಅವಳ ಹೆಸರನ್ನು ಅಷ್ಟೇ ದೊಡ್ಡದಾಗಿ ಕೂರಿಸಿದೆ. ಅಚ್ಚಾದ ಕಾರ್ಡನ್ನೇ ಕೈಗಿಡಬೇಕೆಂದು ಮೊದಲೇ ತೋರಿಸಲಿಲ್ಲ.

ಅಷ್ಟರಲ್ಲಿ ಕಾಕಾ ಬಂದ. ಅಪ್ಪನ ತಮ್ಮ, ಮಾನ್ವಿಯಲ್ಲಿ ಅಡತ್ ಅಂಗಡಿ ಇಟ್ಟು ಕಾಳುಕಡಿಯ ದಲ್ಲಾಳಿ ಮಾಡುವವನು. ನಾವು ಅರೆಹೊಟ್ಟೆ ಉಂಡ ವರ್ಷಗಳಲ್ಲಿ ನಮ್ಮ ಓಣಿಯ ದಾರಿಯೇ ಮರೆತಿದ್ದ ಮನುಷ್ಯನಿಗೆ ಮದುವೆ ಎಂದ ಕೂಡಲೇ ಹಿರಿತನ ನೆನಪಾಯಿತು. ಮಂಗಳ ಕಾರ್ಯದ ಕಾರ್ಡಿನಲ್ಲಿ ಗಂಡ ಸತ್ತವಳ ಹೆಸರು ಅಷ್ಟು ಮೇಲೆ ಯಾಕೆ, ಬೀಗರು ಏನೆಂದಾರು, ತನ್ನ ಮತ್ತು ಕಾಕಿಯ ಹೆಸರಲ್ಲಿ ಕರೆದರೆ ಸಾಕು ಎಂದ. ನಾನು ಜಗಳಕ್ಕೇ ನಿಂತೆ. ಮದುಮಗ ಮಾತ್ರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವನ ಆ ಬಗ್ಗಿದ ತಲೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕೊನೆಗೆ ಕಾಕಾ, ಆಯ್ತು, ನೀನು ಮಾಡಿದಂತೆಯೇ ಇರಲಿ ಎಂದು ಎದ್ದುಹೋದ. ನಾನು ನಂಬಿದೆ.

ಅವನು ನೆಟ್ಟಗೆ ಹೋದದ್ದು ನಾನು ಕಾರ್ಡು ಅಚ್ಚಿಗೆ ಕೊಟ್ಟ ಪ್ರೆಸ್ಸಿಗೆ. ಪ್ರೆಸ್ಸಿನವನು ಅವನ ದೋಸ್ತ. ಕಾರ್ಡಿನ ಕಟ್ಟು ಬಿಚ್ಚಿದಾಗ ಕಾಕಾನ ಹೆಸರು, ಕಾಕಿಯ ಹೆಸರು, ಅವರ ಗಂಡುಮಕ್ಕಳ ಹೆಸರು ಬಂಗಾರದ ಬಣ್ಣದಲ್ಲಿ ಥಳಥಳ ಹೊಳೆಯುತ್ತಿದ್ದವು. ಅವರಿಗೆಲ್ಲ ಜಾಗ ಮಾಡಲು ಅವ್ವನ ಹೆಸರನ್ನು ಇರುವೆಯಷ್ಟು ಮಾಡಿ ಮೂಲೆಗೆ ತಳ್ಳಿದ್ದರು. ಆ ಅಳತೆಗೆ ತಲೆಕಟ್ಟು ಹೋಗಿತ್ತು, ಕೊಂಬು ಹೋಗಿತ್ತು, ನುಚ್ಚಕ್ಕಿ ಚೆಲ್ಲಿದಂತೆ ಒಂದಿಷ್ಟು ಚೂರುಗಳಿದ್ದವು.

ಅವ್ವ ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಕಾರ್ಡು ಹಿಡಿದಳು. ಆಚೆ ತಿರುಗಿಸಿದಳು, ಈಚೆ ತಿರುಗಿಸಿದಳು.

“ಎಲ್ಲಿ ಅದವಾ ನನ್ನ ಹೆಸರು?”

ನಾನು ಬೆರಳಿಟ್ಟು ತೋರಿಸಿದೆ. ಅವಳು ಅದರ ಮೇಲೆ ತನ್ನ ಬೆರಳನ್ನೂ ಇಟ್ಟು ನೋಡಿದಳು. ಓದಲಾಗಲಿಲ್ಲ. ಇರಲಿ ಬಿಡು, ಮದುವೆ ಚೆನ್ನಾಗಿ ಆಗಲಿ ಎಂದು ಕಾರ್ಡನ್ನು ದೇವರ ಮುಂದಿಟ್ಟಳು. ನನಗೆ ಆ ಕಟ್ಟಿಗೆ ಬೆಂಕಿ ಹಚ್ಚಬೇಕೆನ್ನಿಸಿತು. ಮರುದಿನ ಕಾಕಿ ಕುಂಕುಮದ ಬಟ್ಟಲು ಹಿಡಿದು ಕಲ್ಲೂರು, ನೀರಮಾನ್ವಿಯ ನೆಂಟರನ್ನು ಕರೆಯಲು ಜೀಪು ಹತ್ತಿದಳು. ಅವ್ವ ಮನೆಯಲ್ಲಿ ಕೂತು ಮದುವೆಯ ಅಕ್ಕಿ ಹಸನು ಮಾಡಿದಳು.

ಕಳೆದ ಮಳೆಗಾಲದಲ್ಲಿ ಅವ್ವ ಹೋದಳು. ಮಣ್ಣು ಮಾಡಿ ಇನ್ನೂ ವಾರವಾಗಿರಲಿಲ್ಲ, ಕಾಕಾ ರಾಯಚೂರಿಗೆ ನನ್ನ ಅಂಗಡಿಗೇ ಬಂದ. ಊರಿನ ಸೊಸೈಟಿ ಚುನಾವಣೆಗೆ ನಿಲ್ಲುವ ತಯಾರಿಯಲ್ಲಿದ್ದ. ಮಾನ್ವಿಯ ಸರ್ಕಲ್ಲಿನಲ್ಲಿ ಅವ್ವನ ಶ್ರದ್ಧಾಂಜಲಿ ಫ್ಲೆಕ್ಸು ಹಾಕಿಸಬೇಕಂತೆ. ಕೆಳಗೆ ತನ್ನದೂ ತನ್ನ ಮಕ್ಕಳದೂ ಫೋಟೋ ಸಾಲಾಗಿ ಬರಬೇಕಂತೆ. ಕುರ್ಚಿ ಎಳೆದುಕೊಂಡು ಕೂತು ಹೇಳಿದ:

“ಅತ್ತಿಗಿ ಹೆಸರು ಭಾಳ ದೊಡ್ಡದು ಹಾಕವಾ. ಆ ಬಂಗಾರದಂಗಡಿ ಅಕ್ಷರದಾಗ. ದೂರದಿಂದ ಕಾಣಬೇಕು.”

“ಯಾರಿಗೆ ಕಾಣಬೇಕ್ರಿ ಕಾಕಾ? ನೋಡಬೇಕಂದಾಕಿ ಹೋದಳಲ್ರಿ.”

ಮಂದಿಗೆ ಕಾಣಬೇಕಲ್ಲ ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನಾನು ಅವ್ವನ ಹೆಸರನ್ನು ಟೈಪು ಮಾಡಿದೆ. ದೊಡ್ಡದು ಮಾಡಿದೆ, ಇನ್ನೂ ದೊಡ್ಡದು ಮಾಡಿದೆ. ಪರದೆಯ ಈ ಅಂಚಿನಿಂದ ಆ ಅಂಚಿಗೆ ಮುಟ್ಟಿತು. ತಲೆಕಟ್ಟಿನ ತೆಳು ಗೆರೆ ಎಲ್ಲಿಯೂ ತುಂಡಾಗದೆ ನಿಂತಿತ್ತು. ಕೆಳಗೆ ನಮ್ಮ ಫೋಟೋಗಳಿಗೆ ಜಾಗ ಬಿಡು ಎಂದು ಕಾಕಾ ಹಿಂದಿನಿಂದ ಹೇಳಿದ.

“ಜಾಗ ಇಲ್ರಿ,” ಅಂದೆ.

ನನ್ನ ಮುಖ ನೋಡಿ ಬೈದುಕೊಳ್ಳುತ್ತ ಎದ್ದು ಪಕ್ಕದ ಅಂಗಡಿಗೆ ಹೋದ. ಅವ್ವನ ಹೆಸರು ಪರದೆ ತುಂಬ ಹಾಗೇ ಇತ್ತು. ಓದುವುದಕ್ಕೆ ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ.