ಕುಣಿಗಲ್ಲಿನ ಊಟದಲ್ಲಿ ನನ್ನ ಕಾಲರ್ ಹಿಡಿದರು

ಗೆಳೆಯರೇ, ಇವತ್ತು ಕುಣಿಗಲ್ಲಿನ ಒಂದು ನಿಶ್ಚಿತಾರ್ಥದ ಊಟದಲ್ಲಿ ಬಡಿಸುವವನ ವೇಷ ಹಾಕಿ ನೆಂಟರನ್ನು ನಗಿಸಬೇಕಿತ್ತು. ಈ ಗುಟ್ಟು ಗೊತ್ತಿದ್ದದ್ದು ನನ್ನನ್ನು ಕರೆಸಿದ ಹುಡುಗಿಯ ಅಣ್ಣನಿಗೆ ಮಾತ್ರ.

ಹುಡುಗನ ಸೋದರಮಾವನ ಎಲೆಗೆ ಹೋಳಿಗೆ ಹಾಕಿ, “ನಿಮ್ಗೆ ಆಗ್ಲೇ ಹೊಟ್ಟೆ ಬಂದೈತೆ, ಬ್ಯಾಡ ಬುಡಿ” ಎಂದು ವಾಪಸ್ ಎತ್ತಿಕೊಂಡೆ.

ಅವರು ಎದ್ದು ಕಾಲರ್ ಹಿಡಿದರು. “ನೆಂಟ್ರ ಮುಂದೆ ಮರ್ಯಾದೆ ತೆಗೀತೀಯೇನ್ಲಾ?” ಅವರ ಕಡೆಯವರೆಲ್ಲ ಸುತ್ತುವರಿದರು. ಹುಡುಗಿಯ ಅಣ್ಣ ಎಲ್ಲೂ ಕಾಣಲಿಲ್ಲ.

“ಸಾರ್, ನಾನು ಕಾಮಿಡಿ ಮಾಡೋನು!”

“ಹಂಗಾದ್ರೆ ನಗ್ಸ್ಲಾ, ನೋಡಾನ.”

ಒಂದು ಜೋಕೂ ನೆನಪಾಗಲಿಲ್ಲ. “ಹೊಡೀಬೇಡಿ ಸಾರ್, ನಂಗಿನ್ನೂ ಮದ್ವೆ ಆಗ್ಬೇಕು!” ಎಂದು ಕೈಮುಗಿದೆ.

ಇಡೀ ಪಂಕ್ತಿ ಬಿದ್ದು ಬಿದ್ದು ನಕ್ಕಿತು. ಮಾವನೂ ಕಾಲರ್ ಬಿಟ್ಟು, “ಚೆನ್ನಾಗಿ ಆಕ್ಟ್ ಮಾಡ್ತೀಯ ಕಣೋ” ಎಂದರು.

ಆ ‘ಹೊಡೀಬೇಡಿ’ ಮಾತ್ರ ಆಕ್ಟಿಂಗ್ ಆಗಿರಲಿಲ್ಲ.