ತಿದ್ದಿದ ಹೆಗಲು

ವೈದ್ಯಕೀಯ ಕಾಲೇಜಿನಲ್ಲಿ ಅವರನ್ನು ಎಲ್ಲರೂ ಚಾರ್ಟ್ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳಿದವರಲ್ಲ, ಪಾಠಕ್ಕೆ ಬೇಕಾದ ದೇಹದ ಚಿತ್ರಗಳನ್ನು ಆಳೆತ್ತರದ ಬಟ್ಟೆಯ ಮೇಲೆ ಬರೆದುಕೊಡುವುದು ಅವರ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದರು. ಕಾರಿಡಾರಿನ ಕೊನೆಯ ಕೋಣೆ, ಎರಡು ದೊಡ್ಡ ಕಿಟಕಿ, ಮೂಲೆಯಲ್ಲಿ ನಿಲ್ಲಿಸಿದ ಅಸ್ಥಿಪಂಜರ, ಅದರ ಮುಂಗೈಗೆ ತಗುಲಿಹಾಕಿದ ಅವರ ಕೊಡೆ. "ಮನೆಯವರಿಗಿಂತ ಇವನೇ ವಾಸಿ, ಎದುರು ಮಾತಾಡಲ್ಲ" ಎಂದು ಬಂದವರನ್ನೆಲ್ಲ ನಗಿಸುತ್ತಿದ್ದರು.

ಅವರಿಗೊಂದು ಚಟವಿತ್ತು, ತಿದ್ದುವುದು. ಮೇಜಿನ ಮೇಲಿನ ಶವದ ಪಕ್ಕೆಲುಬು ಸೊಟ್ಟಗಿದ್ದರೆ ಇವರ ಬಟ್ಟೆಯ ಮೇಲೆ ಅದು ನೆಟ್ಟಗಾಗುತ್ತಿತ್ತು. ಅದನ್ನು ತಪ್ಪೆಂದು ಯಾರೂ ಹೇಳಿರಲಿಲ್ಲ. ವಿದ್ಯಾರ್ಥಿಗೆ ಬೇಕಾದದ್ದು ಮನುಷ್ಯನ ಮೈ, ಇಂಥವನ ಮೈ ಎಂದಲ್ಲವಲ್ಲ.

ಒಮ್ಮೆ ಅಂಗರಚನಾ ವಿಭಾಗದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ, ಅವರ ಕೋಣೆಗೆ ಬಂದರು. ಎದೆ ಮತ್ತು ಹೆಗಲಿನ ಸ್ನಾಯುಗಳ ಹೊಸ ಚಾರ್ಟು ಬೇಕಿತ್ತು.

"ಈ ಸಲ ಶವ ನೋಡಿ ಬರೀಬೇಡಿ ಮೇಷ್ಟ್ರೇ. ಕೆಲಸ ಮಾಡೋ ಮೈ ಬೇಕು ನಂಗೆ. ತೋಳನ್ನ ಮೈಗೆ ಸೇರಿಸಿರೋ ಮೂಳೆ ಕೊರಳೆಲುಬು ಒಂದೇ. ಮಿಕ್ಕಿದ್ದೆಲ್ಲ ಮಾಂಸದ ಹಿಡಿತ. ಆ ಹಿಡಿತ ಕಾಣ್ಬೇಕು."

ಮೇಷ್ಟ್ರಿಗೆ ತಕ್ಷಣ ನೆನಪಾದವನು ತಮ್ಮ. ಅವನು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿದ್ದ. ಬೀರು, ಫ್ರಿಜ್ಜು ಏನೇ ಇರಲಿ, ಅಗಲದ ಪಟ್ಟಿಯೊಂದನ್ನು ಬಲಹೆಗಲಿಗೆ ಹಾಯಿಸಿ ಬೆನ್ನಿಗೇರಿಸಿಕೊಂಡು ನಾಲ್ಕು ಮಹಡಿ ಇಳಿಸುತ್ತಿದ್ದ. ಜೊತೆಯವರು ಅವನನ್ನು ಕ್ರೇನ್ ಎಂದೇ ಕರೆಯುತ್ತಿದ್ದರು. ಅಪ್ಪ ಹಾಸಿಗೆ ಹಿಡಿದ ವರ್ಷ, ಅಣ್ಣ ಚಿತ್ರಕಲೆಯ ಶಾಲೆ ಬಿಡುವುದು ಬೇಡವೆಂದು ಹದಿನಾರಕ್ಕೇ ಹೊರುವ ಕೆಲಸಕ್ಕೆ ಇಳಿದವನು. ಆಮೇಲೆ ಇಬ್ಬರಿಗೂ ಮದುವೆ, ಮಕ್ಕಳು, ಬೇರೆ ಬೇರೆ ಬೀದಿ. ಸಿಕ್ಕಾಗ "ಹೇಗಿದ್ದೀಯ", "ಇದ್ದೀನಿ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಆರು ಭಾನುವಾರ ತಮ್ಮ ಬಂದು ಅಂಗಿ ಕಳಚಿ ಕಿಟಕಿಯ ಪಕ್ಕ ನಿಂತ. ಎದೆಯ ದೊಡ್ಡ ಸ್ನಾಯು ಬೀಸಣಿಗೆಯಂತೆ ಹರಡಿ ತೋಳಿನ ಮೂಳೆಗೆ ಹೋಗಿ ಸೇರುವುದನ್ನು, ಭುಜದ ಮೇಲಿನ ಗುಂಡನೆ ಸ್ನಾಯು ಕೈ ಎತ್ತಿದಾಗ ಮೂರು ಭಾಗವಾಗಿ ಸೀಳಿ ತೋರುವುದನ್ನು ಮೇಷ್ಟ್ರು ಹಸಿದವರಂತೆ ನೋಡಿ ಬರೆದರು. ಬರೆಯುತ್ತ ಬರೆಯುತ್ತ ಮಾತು ಬಂತು. ಬಾಲ್ಯದ ಜಗಳಗಳು, ಅಪ್ಪನ ಕೋಪ, ಅಮ್ಮ ಇಬ್ಬರಿಗೂ ಒಂದೇ ಕೋಲಲ್ಲಿ ಬಾರಿಸಿದ್ದು.

"ನಂಗೆ ಎರಡು ಜಾಸ್ತಿ ಬಿದ್ದಿತ್ತು ಕಣೋ ಅಣ್ಣ."

"ಓಡೋಕೆ ಬರ್ತಿರ್ಲಿಲ್ಲ ನಿಂಗೆ, ಅದಕ್ಕೆ."

ಬೆನ್ನು ಬರೆಯುವ ಸರದಿ ನಾಲ್ಕನೆಯ ಭಾನುವಾರ ಬಂತು. ಗೋಡೆಗೆ ಎರಡೂ ಕೈ ಊರಿ ತಳ್ಳು ಎಂದರು. ತಮ್ಮ ತಳ್ಳಿದ. ಎಡ ಹೆಗಲಿನ ಹಿಂದಿನ ಹಲಗೆಮೂಳೆ ಮೈಗೆ ಅಂಟಿಕೊಂಡಿತು. ಬಲಗಡೆಯದು ಮಾತ್ರ ಅರ್ಧ ತೆರೆದ ಬಾಗಿಲಿನಂತೆ ಹಿಂದಕ್ಕೆ ಎದ್ದು ನಿಂತಿತು. ಪಕ್ಕೆಯ ಮೇಲೆ ಗರಗಸದ ಹಲ್ಲಿನಂತೆ ಸಾಲಾಗಿ ಕಾಣಬೇಕಿದ್ದ ಸ್ನಾಯು ಎಡಕ್ಕಿತ್ತು, ಬಲಕ್ಕೆ ಬತ್ತಿಹೋಗಿತ್ತು. ಮೇಷ್ಟ್ರು ಪೆನ್ಸಿಲ್ ಹಿಡಿದುಕೊಂಡೇ ಒಂದು ಗಳಿಗೆ ನೋಡಿದರು. ಹೊತ್ತೂ ಹೊತ್ತೂ ಸೊಟ್ಟಗಾಗಿದೆ ಎಂದುಕೊಂಡರು. ಎಡಗಡೆಯನ್ನೇ ತಿರುಗಿಸಿ ಬಲಕ್ಕೆ ಬರೆದರು. ಅರ್ಧ ಗಂಟೆಯ ಕೆಲಸ.

ಚಾರ್ಟು ಗೋಡೆಗೇರಿತು. ನೋಡಿದವರೆಲ್ಲ ಹೊಗಳಿದರು. ತಮ್ಮನೂ ತನ್ನ ಹೆಂಡತಿಯನ್ನು ಕರೆತಂದು ತೋರಿಸಿ, "ಇದು ನಾನೇ, ತಲೆ ಒಂದು ಬಿಟ್ಟು" ಎಂದು ನಕ್ಕ.

ಎಂಟು ತಿಂಗಳಾದ ಮೇಲೆ ವಿಭಾಗದ ಕಪಾಟುಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಬೇಕಾಯಿತು. ಬಂದವರಲ್ಲಿ ತಮ್ಮನೂ ಇದ್ದ. ಕಪಾಟಿನ ಮೇಲಿನ ಅರೆಯಿಂದ ಗಾಜಿನ ಜಾಡಿ ಇಳಿಸಲು ಅವನು ಬಲಗೈ ಎತ್ತಿದ. ಅದು ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಎಡಗೈಯಿಂದ ಅದನ್ನು ತಳ್ಳಿ ಏರಿಸಿಕೊಂಡ. ಬಾಗಿಲಲ್ಲಿ ನಿಂತಿದ್ದ ದೊಡ್ಡ ಮೇಡಂ ಅದನ್ನು ಕಂಡರು.

"ಜಾಡಿ ಅಲ್ಲೇ ಇಡಿ. ಅಂಗಿ ತೆಗೀರಿ. ಗೋಡೆ ತಳ್ಳಿ ನೋಡೋಣ."

ಹಲಗೆ ರೆಕ್ಕೆಯಂತೆ ಎದ್ದು ನಿಂತಿತು. ಮೇಡಂ ಅವನ ಪಕ್ಕೆಯ ಮೇಲೆ ಬೆರಳಾಡಿಸಿದರು.

"ಹೆಗಲ ಹಲಗೇನ ಎದೆಗೂಡಿಗೆ ಹಿಡಿದಿಡೋ ಸ್ನಾಯು ಇದು. ಇದರ ನರ ಕತ್ತಿನ ಬುಡದಿಂದ ಇಳಿದು ಬರುತ್ತೆ. ನಿಮ್ಮ ಪಟ್ಟಿ ಅದನ್ನ ಒತ್ತೀ ಒತ್ತೀ ಸೊರಗಿಸಿದೆ. ಎಷ್ಟು ದಿನ ಆಯ್ತು ಹೀಗಾಗಿ?"

"ವರ್ಷದ ಮೇಲಾಯ್ತೇನೋ ಮೇಡಂ. ಉಳುಕು ಅಂದ್ಕೊಂಡಿದ್ದೆ."

"ಆಗಲೇ ಭಾರ ಹೊರೋದು ನಿಲ್ಲಿಸಿದ್ರೆ ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಈಗ ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ." ಆಮೇಲೆ ಮೇಷ್ಟ್ರ ಕಡೆ ತಿರುಗಿದರು. "ನೀವು ಆರು ವಾರ ಇವರನ್ನ ನೋಡಿ ಬರೆದ್ರಲ್ಲ. ಕಾಣ್ಲಿಲ್ವಾ?"

ಮೇಷ್ಟ್ರು ಅಂದರು, "ಇಲ್ಲ ಮೇಡಂ. ಕಾಣ್ಲಿಲ್ಲ."

ತಮ್ಮ ಆಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನ ಕೈ ಒಂದು ಕ್ಷಣ ನಿಂತದ್ದು ಮೇಷ್ಟ್ರಿಗೆ ಕಂಡಿತು.

ಹೊರುವ ಕೆಲಸ ಅಂದಿಗೆ ಮುಗಿಯಿತು. ಕಂಪನಿಯವರು ಕೈಬಿಡಲಿಲ್ಲ, ಕಚೇರಿಯ ಮುಂದಿನ ಕೋಣೆಯಲ್ಲಿ ಫೋನ್ ಎತ್ತಿ ವಿಳಾಸ ಬರೆದುಕೊಳ್ಳಲು ಕೂರಿಸಿದರು. ಕ್ರೇನ್ ಎಂಬ ಹೆಸರು ಹೇಗೋ ಉದುರಿಹೋಯಿತು. ವ್ಯಾಯಾಮ ಮಾಡಿಸಿದರು, ಎರಡು ವರ್ಷ ಕಾದರು. ಬಲಗೈ ಕಿವಿಯ ತನಕ ಬಂತು, ಅಲ್ಲಿಂದಾಚೆಗೆ ಇಲ್ಲ.

ಆ ಎರಡು ವರ್ಷವೂ ಮೇಷ್ಟ್ರ ಎದೆಯ ಮೇಲೆ ಕಲ್ಲು. ಒಂದು ಸಂಜೆ ತಮ್ಮನ ಕಚೇರಿಗೆ ಹೋಗಿ, ಅವನ ಎದುರಿನ ಕುರ್ಚಿಯಲ್ಲಿ ಕೂತು, ಪೀಠಿಕೆಯಿಲ್ಲದೆ ಹೇಳಿದರು:

"ಕಂಡಿತ್ತು ಕಣೋ. ಅವತ್ತೇ ಕಂಡಿತ್ತು. ಚೆನ್ನಾಗಿ ಕಾಣಲ್ಲ ಅಂತ ತಿದ್ದಿಬಿಟ್ಟೆ."

ತಮ್ಮ ರಿಸೀವರನ್ನು ಪಕ್ಕಕ್ಕೆ ತೆಗೆದಿಟ್ಟ.

"ಚಾರ್ಟ್ ನೋಡಿದ ದಿನಾನೇ ಗೊತ್ತಾಯ್ತು ನಂಗೆ. ನನ್ನ ಬೆನ್ನು ನಂಗೆ ಕಾಣಲ್ಲ, ಆದ್ರೆ ನನ್ನ ಹೆಂಡ್ತಿಗೆ ಕಾಣುತ್ತಲ್ಲ. 'ನಿಮ್ಮಣ್ಣ ಸರಿ ಮಾಡಿ ಬರೆದಿದ್ದಾರೆ' ಅಂದ್ಲು."

"ಮತ್ತೆ ಯಾಕೋ ಕೇಳ್ಲಿಲ್ಲ ನೀನು?"

"ನೋವಿದೆ ಅಂತ ನಾನೂ ಹೇಳ್ಲಿಲ್ವಲ್ಲ. ಹೇಳಿದ್ರೆ ಬೇರೆಯವನನ್ನ ಕರೆಸ್ತೀಯ, ಭಾನುವಾರ ತಪ್ಪಿಹೋಗುತ್ತೆ ಅಂತ." ಆಮೇಲೆ ಅಂದ, "ಬರೆಯೋವಾಗ ಹೊಳೀಲಿಲ್ಲ ಅಂದ್ರೆ ಒಪ್ಕೋತೀನಿ. ನೀನೇನು ಡಾಕ್ಟರಲ್ಲ. ಆದ್ರೆ ಮೇಡಂ ಮುಂದೆ ಕಾಣ್ಲಿಲ್ಲ ಅಂದೆಯಲ್ಲ ಅಣ್ಣ, ಅದು ಆಗ್ಬಾರ್ದಿತ್ತು."

ಮೇಷ್ಟ್ರು ಮಾರನೆಯ ದಿನವೇ ಹೋಗಿ ದೊಡ್ಡ ಮೇಡಂಗೂ ನಿಜ ಹೇಳಿದರು. ಅವರು ಬೈಯಲಿಲ್ಲ. ಈ ಹೆಗಲನ್ನೂ ಇದ್ದ ಹಾಗೇ ಬರೆದುಕೊಡಿ, ವಿದ್ಯಾರ್ಥಿಗಳು ನೋಡಲಿ ಎಂದರು. ಕೇಳಲು ಹೋದಾಗ ತಮ್ಮ ಮೆತ್ತಗೆ ತಲೆಯಾಡಿಸಿದ. "ಬೇಡ ಬಿಡು. ನಂಗೆ ನಿಲ್ಲೋಕೆ ಮನಸ್ಸಿಲ್ಲ." ನೆನಪಿನಿಂದಲೇ ಬರೆಯಲು ಮೇಷ್ಟ್ರು ನಾಲ್ಕು ಸಲ ಕೂತರು. ಪ್ರತಿ ಸಲವೂ ಕೈ ತಾನಾಗಿ ಹಲಗೆಯನ್ನು ಒಳಕ್ಕೆ ಒತ್ತಿಬಿಡುತ್ತಿತ್ತು. ಕೊನೆಗೆ ಮೇಡಂ ಬೇರೊಬ್ಬ ರೋಗಿಯ ಇಂಥದೇ ಹೆಗಲಿನ ಫೋಟೋ ತರಿಸಿ ಹಾಕಿಕೊಂಡರು.

ಮುಂದಿನ ವರ್ಷ ಮೇಷ್ಟ್ರು ನಿವೃತ್ತರಾದರು. ತಮ್ಮನ ಮನೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹೋದಾಗ ತಮ್ಮನ ಹೆಂಡತಿ, "ಭಾವ, ಮೇಲಿನ ಗೂಡಿಂದ ಆ ಡಬ್ಬಿ ಇಳಿಸಿಕೊಡ್ತೀರಾ?" ಎನ್ನುತ್ತಾಳೆ, ಇವರು ಸ್ಟೂಲು ಹತ್ತುತ್ತಾರೆ. ತಮ್ಮ ಚಹಾ ಕೊಡುತ್ತಾನೆ, ಮಕ್ಕಳ ವಿಷಯ ಮಾತಾಡುತ್ತಾನೆ, ಬಾಗಿಲ ತನಕ ಬಂದು ಕಳಿಸುತ್ತಾನೆ. ಬಾಲ್ಯದ ಮಾತು ಮಾತ್ರ ಅವನು ಮತ್ತೆ ಎತ್ತಲಿಲ್ಲ. ಇವರಾಗಿ ಎತ್ತಲು ಇವರಿಗೆ ಬಾಯಿ ಬರಲಿಲ್ಲ.